ಮಾವ ಕೇಳಬೇಕೆಂದಿದ್ದ ಸುಖೋಯ್

ಗೋಣಿಬೀಡು
12 ಅಕ್ಟೋಬರ್ 1997

ಫ್ಲೈಯಿಂಗ್ ಆಫೀಸರ್ ಭುವನಾ ಮೇಡಂ ಅವರ ಸನ್ನಿಧಿಗೆ,

ಹೀಗೆ ಬರೆದರೆ ಹೇಗಿರುತ್ತದೆ ಅಂತ ನೋಡಿದೆ. ಕೈ ತಾನಾಗಿ ಸೆಲ್ಯೂಟಿಗೆ ಏಳುತ್ತದೆ ಮಾರಾಯ್ತಿ. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ಸೇರಿ, ಇಪ್ಪತ್ತೊಂದು ವರ್ಷ ಎಣ್ಣೆ ಮಸಿ ಬಳಿದುಕೊಂಡು, ಬರೀ ಸಾರ್ಜೆಂಟ್ ಆಗಿ ಊರಿಗೆ ಬಂದವನು ನಾನು. ನನ್ನ ಅಕ್ಕನ ಮಗಳು ಇಪ್ಪತ್ಮೂರಕ್ಕೇ ಅಧಿಕಾರಿ. ಈಗ ನಾನು ಇಲ್ಲಿ ಪಂಪ್‌ಸೆಟ್ ಬಿಚ್ಚುತ್ತಾ ಕೂತಿದ್ದರೂ, ನೀನು ಎದುರು ಬಂದರೆ ಎದ್ದು ನಿಲ್ಲಬೇಕು. ನಿಲ್ಲುತ್ತೇನೆ, ಅದಕ್ಕೇನಂತೆ.

ನಿನ್ನನ್ನು ಮಿಗ್-21 ಸ್ಕ್ವಾಡ್ರನ್ನಿಗೆ ಎಂಜಿನಿಯರ್ ಆಗಿ ಹಾಕಿದ್ದಾರೆ ಅಂತ ಅಕ್ಕ ಮಲ್ಲಂದೂರಿನಿಂದ ಹೇಳಿ ಕಳಿಸಿದಳು. ಹಳೆಯ ವಿಮಾನ ಸಿಕ್ಕಿತು ಅಂತ ನಿನಗೆ ಬೇಸರವಂತೆ. ಬೇಸರ ಮಾಡಬೇಡ. ಅದು ನಮ್ಮ ದೇಶಕ್ಕೆ ಬಂದಾಗ ನಾನೂ ಹೊಸಬ, ಅದೂ ಹೊಸತು. ಮೊದಲ ಸಲ ಬಾಲದಲ್ಲಿ ಬೆಂಕಿ ಹೊತ್ತಿಸಿಕೊಂಡು ಓಡಿದ್ದನ್ನು ಕೇಳಿ ನಾನು ಸ್ಪ್ಯಾನರ್ ಕೆಳಗೆ ಹಾಕಿ ಹಾಗೇ ನಿಂತುಬಿಟ್ಟಿದ್ದೆ. ಆ ಬೆಂಕಿಗೆ ನಾವು ರೀಹೀಟ್ ಅನ್ನುತ್ತಿದ್ದೆವು, ಈಗ ನೀವು ಏನನ್ನುತ್ತೀರೋ.

ನನಗೆ ವಿಮಾನಗಳು ಕಣ್ಣಿಗಿಂತ ಕಿವಿಯಲ್ಲೇ ನೆನಪಿವೆ. ವ್ಯಾಂಪೈರ್ ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಹಂಟರ್ ತಲೆ ಮೇಲೆ ಹಾದುಹೋದರೆ ದೂರದಲ್ಲಿ ಯಾರೋ ಶಂಖ ಊದಿದ ಹಾಗಿರುತ್ತಿತ್ತು. ನ್ಯಾಟ್ ಅಂತೂ ಅಂಗೈಯಗಲದ ವಿಮಾನ, ಆದರೆ ಕಿರುಚಾಟ ಮಾತ್ರ ಊರಿಗೆಲ್ಲ ಕೇಳಬೇಕು. ಆಮೇಲೆ ಮರುತ್, ನಮ್ಮದೇ, ಬೆಂಗಳೂರಿನಲ್ಲಿ ಹುಟ್ಟಿದ್ದು. ಅಷ್ಟು ಚೆಂದದ ಮೈಗೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ. ಮಿರಾಜ್, ಮಿಗ್-29 ಬರುವ ಹೊತ್ತಿಗೆ ನಾನು ಪಿಂಚಣಿ ತಗೊಂಡು ಗೋಣಿಬೀಡು ಸೇರಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಎರಡು ಮೂರು ವರ್ಷ ಬಾಳೀತು ಅಂದರು. ಎಂಜಿನ್ ಪಕ್ಕ ನಿಂತು ನಿಂತು ನರವೇ ಸವೆದಿದೆಯಂತೆ, ಮದ್ದಿಲ್ಲ. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ನಾವೇ ನಗಾಡುತ್ತಿದ್ದೆವು. ಅದರ ಫಲ ಇದು, ನನಗೆ ಯಾರ ಮೇಲೂ ಸಿಟ್ಟಿಲ್ಲ.

ಆದರೆ ಒಂದು ಆಸೆ ಉಳಿದಿದೆ. ರಷ್ಯಾದಿಂದ ಸುಖೋಯ್ ಅನ್ನುವುದು ಪುಣೆಗೆ ಬಂದಿದೆ ಅಂತ ಪೇಪರಿನಲ್ಲಿ ಓದಿದೆ. ಎರಡು ಎಂಜಿನ್, ಎರಡಕ್ಕೂ ಬೆಂಕಿ. ಬಲಗಿವಿ ಮುಚ್ಚುವ ಮೊದಲು ಅದರ ಸದ್ದನ್ನು ಒಂದು ಸಲ ಕೇಳಿಸು. ನಾನು ಬೇರೆ ಯಾರ ಹತ್ತಿರ ಕೇಳಲಿ, ಹೇಳು.

ಎಸ್‌ಟಿಡಿ ಬೂತಿಗೆ ಫೋನ್ ಮಾಡಬೇಡ. ನನಗೆ ಅರ್ಧ ಕೇಳುತ್ತದೆ, ಉಳಿದರ್ಧ ನಾನೇ ಕಟ್ಟಿಕೊಂಡು ಉತ್ತರ ಕೊಡುತ್ತೇನೆ, ನಿನ್ನ ಅತ್ತೆ ಭಾಗಮ್ಮ ನಗುತ್ತಾಳೆ. ಬರಿ. ಡಾಕ್ಟರ್ ಹೇಳಿದ್ದನ್ನು ನಿನ್ನ ಅಮ್ಮನಿಗೆ ತಿಳಿಸಬೇಡ. ಅಕ್ಕನಿಗೆ ಹೇಳಿದರೆ ಸಂಜೆಯೊಳಗೆ ಆಲ್ದೂರು ಪೇಟೆಗೆಲ್ಲ ಗೊತ್ತಾಗುತ್ತದೆ.

ನಿನ್ನ ಮಾವ,
ಲಿಂಗಪ್ಪ

ಮಾರ್ಫತ್ 56 ಎ.ಪಿ.ಒ.
30 ನವೆಂಬರ್ 1997

ಪ್ರೀತಿಯ ಮಾವ,

ಇನ್ನೊಂದು ಸಲ ಮೇಡಂ ಅಂತ ಬರೆದರೆ ಕಾಗದ ಒಡೆಯದೆ ವಾಪಸ್ ಕಳಿಸುತ್ತೇನೆ. ನೀವು ನನ್ನೆದುರು ಎದ್ದು ನಿಂತರೆ ನಾನು ನಿಮ್ಮ ಪಂಪ್‌ಸೆಟ್ಟಿನ ಹಿಂದೆ ಬಚ್ಚಿಟ್ಟುಕೊಳ್ಳಬೇಕಾಗುತ್ತದೆ.

ಕಿವಿಯ ಸುದ್ದಿ ಓದಿ, ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ. ನನಗೆ ವಿಮಾನದ ಹುಚ್ಚು ಹಿಡಿಸಿದ್ದೇ ನಿಮ್ಮ ಬಾಯಿಂದ ಬರುತ್ತಿದ್ದ ಆ ಸದ್ದುಗಳು. ಅಮ್ಮನಿಗೆ ಹೇಳುವುದಿಲ್ಲ.

ಇಲ್ಲಿ ಸುತ್ತ ಮರಳು. ಬೆಳಿಗ್ಗೆ ಟ್ರ್ಯಾಕ್ಟರ್ ವಿಮಾನಗಳನ್ನು ಶೆಡ್ಡಿನಿಂದ ಎಳೆದು ತರುವಾಗ ಇನ್ನೂ ಚಳಿ ಇರುತ್ತದೆ, ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಮಿಗ್ ಇಷ್ಟು ಸಣ್ಣದು ಅಂತ ನನಗೆ ಗೊತ್ತಿರಲಿಲ್ಲ ಮಾವ. ರೆಕ್ಕೆ ನೋಡಿದರೆ ಒಂದು ಊಟದ ಮೇಜಿನಷ್ಟು, ಅಂಚು ಎಷ್ಟು ತೆಳು ಅಂದರೆ ಕೈ ಸವರುವಾಗ ಹುಷಾರಾಗಿರಬೇಕು. ಅಷ್ಟರ ಮೇಲೆ ಒಬ್ಬ ಮನುಷ್ಯ ಕೂತು ಶಬ್ದದ ಎರಡರಷ್ಟು ವೇಗದಲ್ಲಿ ಹೋಗುತ್ತಾನೆ. ನಾನು ದಿನಾ ನೋಡುತ್ತೇನೆ, ದಿನಾ ನಂಬಿಕೆ ಬರುವುದಿಲ್ಲ.

ಹಾರುವ ಮೊದಲು ನಾನು ಸಹಿ ಹಾಕಬೇಕು, ವಿಮಾನ ಸರಿಯಿದೆ ಅಂತ. ಆಮೇಲೆ ಪೈಲಟ್ ಸಹಿ ಹಾಕಿ ಏಣಿ ಹತ್ತುತ್ತಾರೆ. ಮೊದಲ ಸಹಿ ಹಾಕಿದ ದಿನ ಆ ವಿಮಾನ ವಾಪಸ್ ಇಳಿಯುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಇನ್ನೊಂದು ಖುಷಿ ಕೇಳಿ, ನಿಮ್ಮ ಮಿಗ್‌ಗಳನ್ನು ಈಗಲೇ ಗುಜರಿಗೆ ಹಾಕುವುದಿಲ್ಲ. ಮೈ ಹಳೆಯದೇ, ಒಳಗೆ ಹೊಸ ರೇಡಾರ್, ಹೊಸ ಕ್ಷಿಪಣಿ, ಹೊಸ ಕಣ್ಣು. ಅಮ್ಮ ಹಳೆ ರೋಬಸ್ಟಾ ಕಾಫಿ ಬುಡಕ್ಕೆ ಕಸಿ ಕಟ್ಟಿಸುತ್ತಾಳಲ್ಲ, ಅದೇ ಕೆಲಸ.

ಸುಖೋಯ್ ವಿಷಯ. ಟೇಪ್ ರೆಕಾರ್ಡರ್ ನೆಲೆಯೊಳಗೆ ತರುವ ಹಾಗಿಲ್ಲ, ಮತ್ತೆ ಡಬ್ಬಿಯಲ್ಲಿ ತುಂಬಿದ ಸದ್ದು ನಿಮಗೆ ಬೇಕಾಗಿಯೂ ಇಲ್ಲ. ಪುಣೆಗೆ ಬದಲಿ ಕೇಳಿ ಅರ್ಜಿ ಹಾಕಿದ್ದೇನೆ. ನಿಮ್ಮ ಬಲಗಿವಿ ಇರುವಾಗಲೇ ನಿಮ್ಮನ್ನು ಅದರ ಹತ್ತಿರ ನಿಲ್ಲಿಸುತ್ತೇನೆ. ಇದು ನನ್ನ ಮಾತು.

ಅತ್ತೆಗೆ ನಮಸ್ಕಾರ ಹೇಳಿ.

ಭುವನಾ

ಮಲ್ಲಂದೂರು
14 ಮಾರ್ಚ್ 1999

ಚಿ. ಭುವನಾಳಿಗೆ,

ನಾನು ಈಗ ಮಲ್ಲಂದೂರಿನಲ್ಲಿ ನಿನ್ನ ಅಮ್ಮನ ಕಾಫಿ ಕಣ ಕಾಯುತ್ತಿದ್ದೇನೆ. ಅಕ್ಕನಿಗೆ ಮಂಡಿ ನೋವು, ಅಂಗಳಕ್ಕೆ ಇಳಿಯಲು ಆಗುತ್ತಿಲ್ಲ. ಕೊಯ್ದ ರೋಬಸ್ಟಾ ಹಣ್ಣನ್ನೆಲ್ಲ ಹರವಿ ಒಣಗಿಸಿ ಚೀಲ ತುಂಬಿಸುವ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾಳೆ.

ಈ ವರ್ಷದ ಬಿಸಿಲಿಗೆ ಏನೋ ಆಗಿದೆ ಮಾರಾಯ್ತಿ. ಸುಡುತ್ತದೆ, ಬರಿಗಾಲು ಇಡಲು ಆಗುವುದಿಲ್ಲ, ಆದರೆ ಕಾಫಿ ಒಣಗುತ್ತಿಲ್ಲ. ನಿನಗೆ ಗೊತ್ತಲ್ಲ, ಒಣಗಿತೋ ಇಲ್ಲವೋ ಅಂತ ನೋಡುವುದು ಒಂದೇ ರೀತಿ. ಒಂದು ಹಿಡಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಬೇಕು, ಸಿಪ್ಪೆಯೊಳಗೆ ಬೀಜ ಗಲಗಲ ಅಂದರೆ ಆಯಿತು. ದಿನಾ ಸಂಜೆ ಹಿಡಿ ತುಂಬ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. ಗಲಗಲ ಇಲ್ಲ. ಮತ್ತೆ ಹರವಿಸುತ್ತೇನೆ. ಮೇಸ್ತ್ರಿ ತಿಮ್ಮಪ್ಪ, "ಸಾಕು ಮಾರಾಯ್ರೆ, ಇನ್ನೆಷ್ಟು ಒಣಗಿಸ್ತೀರಿ, ಚೀಲ ತುಂಬುವ" ಅನ್ನುತ್ತಾನೆ. ಅವನಿಗೆ ಬೇಗ ಕೆಲಸ ಮುಗಿಸಿ ಮಗಳ ಮನೆಗೆ ಬಾಳೂರಿಗೆ ಹೋಗುವ ಆತುರ. ನಿನ್ನ ಅಮ್ಮನ ಕಾಫಿಗೆ ಬೂಷ್ಟು ಹಿಡಿದರೆ ಅವನಿಗೇನು. ನಾನು ಬೈದು ಕಳಿಸಿದೆ.

ಪುಣೆ ಬದಲಿ ಏನಾಯಿತು? ಬೇಗ ನೋಡು.

ಲಿಂಗಪ್ಪ ಮಾವ

ಮಾರ್ಫತ್ 56 ಎ.ಪಿ.ಒ.
9 ಏಪ್ರಿಲ್ 1999

ಪ್ರೀತಿಯ ಮಾವ,

ಕಾಫಿ ಒಣಗದಿರುವುದಕ್ಕೆ ಬಿಸಿಲು ಕಾರಣ ಅಲ್ಲ, ಗಾಳಿಯ ತೇವ ಕಾರಣ ಇರಬೇಕು. ಬಿಸಿ ಎಷ್ಟಿದ್ದರೂ ಗಾಳಿಯಲ್ಲಿ ನೀರಿದ್ದರೆ ಸಿಪ್ಪೆ ಆರುವುದಿಲ್ಲ. ಸಂಜೆ ಇಬ್ಬನಿ ಬೀಳುವ ಮೊದಲೇ ರಾಶಿ ಮಾಡಿ ಟಾರ್ಪಾಲು ಹೊದೆಸಿ. ನೀವು ಗಟ್ಟಿ ನಿಂತದ್ದು ಒಳ್ಳೆಯದಾಯಿತು. ಅಮ್ಮನಿಗೂ ಹಾಗೇ ಬರೆದಿದ್ದೇನೆ.

ಬದಲಿ ಇನ್ನೂ ಆಗಿಲ್ಲ. ಆದರೆ ಪುಣೆಯಲ್ಲಿ ನನ್ನ ಬ್ಯಾಚಿನ ಗೆಳತಿ ಇದ್ದಾಳೆ. ಅಕ್ಟೋಬರಿನಲ್ಲಿ ಅವರ ನೆಲೆಯಲ್ಲಿ ಕುಟುಂಬದವರಿಗೆ ವಿಮಾನ ತೋರಿಸುವ ದಿನ ಇದೆಯಂತೆ. ಮಾಜಿ ಸೈನಿಕರು ಅಂತ ನಿಮ್ಮ ಹೆಸರು ಸೇರಿಸಲು ಒಪ್ಪಿದ್ದಾಳೆ. ಅಕ್ಟೋಬರ್ ಮಾವ, ಇನ್ನು ಆರೇ ತಿಂಗಳು. ಅತ್ತೆಗೂ ರೈಲಿನಲ್ಲಿ ಕೂರುವ ಧೈರ್ಯ ತುಂಬಿ.

ಭುವನಾ

ಗೋಣಿಬೀಡು
2 ಜುಲೈ 1999

ಚಿ. ಭುವನಾ,

ಇದಕ್ಕೆ ಉತ್ತರ ಬರೆಯಬೇಡ. ನಿನಗೆ ಈಗ ನಿದ್ದೆಗೂ ಸಮಯ ಇರುವುದಿಲ್ಲ ಅಂತ ನನಗೆ ಗೊತ್ತು.

ಇಲ್ಲಿ ಮಳೆ ಬಿಡುತ್ತಿಲ್ಲ, ನನ್ನ ರಿಪೇರಿ ಅಂಗಡಿಗೆ ಬಂದವರೆಲ್ಲ ಕಾರ್ಗಿಲ್ ಮಾತೇ ಆಡುತ್ತಾರೆ. ಭಾಗಮ್ಮ ರೇಡಿಯೋ ಕೇಳಿ ನನಗೆ ಒಂದೊಂದೇ ವಿಷಯ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ಮಳೆ ಸದ್ದಿಗೆ ರೇಡಿಯೋ ಕೇಳುವುದಿಲ್ಲ, ಅದಕ್ಕೆ ಹಾಗೆ. ಪೇಪರನ್ನು ನಾನು ಜಾಹೀರಾತೂ ಬಿಡದೆ ಓದುತ್ತೇನೆ.

ಆ ಎತ್ತರದಲ್ಲಿ ಯುದ್ಧವಿಮಾನ ಹೀಗೆ ಹೋಗಿ ಬಾಂಬು ಹಾಕುತ್ತದೆ ಅಂತ ನಮ್ಮ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಗಾಳಿಯೇ ಇಲ್ಲದ ಜಾಗ. ಎಂಜಿನ್ನಿಗೆ ಉಸಿರು ಎಲ್ಲಿಂದ ಬರಬೇಕು? ಮಿರಾಜ್ ಅಷ್ಟು ಮೇಲಿನಿಂದ ಬೆಳಕಿನ ಗೆರೆ ಹಿಡಿದು ಒಂದು ಡೇರೆಗೆ ಗುರಿ ಇಡುತ್ತದಂತೆ. ನಾವು ಎಪ್ಪತ್ತೊಂದರ ಯುದ್ಧದಲ್ಲಿ ಮರಳಿನ ಮೇಲೆ ಹಾರಿ, ಕಣ್ಣಳತೆಯಲ್ಲಿ ಹೊಡೆದು ಬರುತ್ತಿದ್ದವರು. ಒಂದೇ ಪಡೆ, ಒಂದೇ ಬಣ್ಣದ ಚಿಹ್ನೆ, ನನ್ನ ಒಂದು ಆಯಸ್ಸಿನೊಳಗೆ ಎಲ್ಲಿಂದ ಎಲ್ಲಿಗೆ ಬಂದಿತು ನೋಡು. ಯೋಚಿಸಿದರೆ ಮೈ ಝುಂ ಅನ್ನುತ್ತದೆ.

ಅಕ್ಟೋಬರ್ ನಡೆಯದಿದ್ದರೆ ಚಿಂತೆ ಮಾಡಬೇಡ. ಹುಡುಗರನ್ನು ಹುಷಾರಾಗಿ ಕಳಿಸು.

ಲಿಂಗಪ್ಪ

ಮಾರ್ಫತ್ 56 ಎ.ಪಿ.ಒ.
20 ಸೆಪ್ಟೆಂಬರ್ 1999

ಮಾವ,

ನಾವೆಲ್ಲ ಕ್ಷೇಮ. ಅಕ್ಟೋಬರಿನ ಕಾರ್ಯಕ್ರಮ ರದ್ದಾಗಿದೆ. ಮುಂದಿನ ವರ್ಷ ಖಂಡಿತ. ಕಿವಿ ಹೇಗಿದೆ, ನಿಜ ಬರೆಯಿರಿ.

ಭುವನಾ

ಗೋಣಿಬೀಡು
3 ಜನವರಿ 2000

ಚಿ. ಭುವನಾ,

ರಾಜಸ್ಥಾನದಲ್ಲಿ ಒಂದು ಮಿಗ್ ಬಿತ್ತು, ಪೈಲಟ್ ಜಿಗಿದು ಪಾರಾದ, ಬೆನ್ನಿಗೆ ಪೆಟ್ಟಾಗಿದೆ ಅಂತ ಪೇಪರಿನಲ್ಲಿ ಬಂದಿದೆ. ನೆಲೆಯ ಹೆಸರು ನೋಡಿದೆ, ನಿನ್ನದೇ. ಅಕ್ಕ ಫೋನ್ ಮಾಡಿದರೆ ನೀನು ಚೆನ್ನಾಗಿದ್ದೇನೆ ಅಂದು ಫೋನ್ ಇಟ್ಟೆಯಂತೆ. ಹಾಗೆ ಇಟ್ಟೆ ಅಂದರೆ ಆ ವಿಮಾನ ನಿನ್ನ ಸಹಿಯದ್ದೇ ಇರಬೇಕು ಅಂತ ನನ್ನ ಊಹೆ.

ಒಂದು ವಿಷಯ ಹೇಳುತ್ತೇನೆ, ಭಾಗಮ್ಮನಿಗೂ ಹೇಳಿಲ್ಲ. ಎಪ್ಪತ್ತೊಂದರ ಡಿಸೆಂಬರ್. ನಾನು ಎಂಜಿನ್ ನೋಡಿ ಕಳಿಸಿದ ಮರುತ್ ಒಂದು ಮಧ್ಯಾಹ್ನ ಹೋಯಿತು. ಜೊತೆಗೆ ಹೋದದ್ದು ಬಂತು, ಇದು ಬರಲಿಲ್ಲ. ನಾನು ಆಕಾಶದ ಕಡೆ ಕಿವಿ ಕೊಟ್ಟು ನಿಂತೆ. ಕತ್ತಲಾದ ಮೇಲೆ ಬೇರೆಯವರು ಬಂದು ಏಣಿ ಎತ್ತಿಟ್ಟರು, ನನಗೆ ಎತ್ತಲು ಕೈ ಬರಲಿಲ್ಲ. ಕೆಳಗಿನಿಂದ ಗುಂಡು ತಗುಲಿತ್ತು ಅಂತ ಆಮೇಲೆ ತಿಳಿಯಿತು. ತಿಳಿದ ಮೇಲೂ ನಾನು ಆ ಎಂಜಿನ್ನನ್ನು ಮನಸ್ಸಿನಲ್ಲಿ ವರ್ಷಗಟ್ಟಲೆ ಬಿಚ್ಚಿ ಜೋಡಿಸಿದ್ದೇನೆ.

ನೀನು ಹಾಗೆ ಮಾಡಬೇಡ. ಇನ್ನೊಂದು ವಿಮಾನದ ಹತ್ತಿರ ಹೋಗಿ ನಿಲ್ಲು. ಆಗ ಕೈ ತಾನಾಗಿ ಕೆಲಸ ಹಿಡಿಯುತ್ತದೆ. ಎರಡು ಸಾಲು ಬರಿ, ಸಾಕು.

ಮಾವ

ಗೋಣಿಬೀಡು
25 ಜೂನ್ 2000

ಭುವನಾ,

ಬರೆಯದಿದ್ದರೂ ಪರವಾಗಿಲ್ಲ. ಹೋದ ತಿಂಗಳು ಭಾಗಮ್ಮ ಕಳಿಸಿದ ಕಾಫಿಪುಡಿ ಸಿಕ್ಕಿತೋ ಇಲ್ಲವೋ ಅಷ್ಟು ತಿಳಿಸು. ಇಲ್ಲಿ ಎಲ್ಲ ಮಾಮೂಲು.

ಲಿಂಗಪ್ಪ

ಪುಣೆ
21 ಜನವರಿ 2001

ಪ್ರೀತಿಯ ಮಾವ,

ಒಂದು ವರ್ಷ ಆಯಿತು. ಕ್ಷಮೆ ಕೇಳಲು ನಾಲ್ಕು ಸಲ ಕಾಗದ ತೆಗೆದಿದ್ದೆ.

ನಿಮ್ಮ ಊಹೆ ಸರಿ. ಆ ವಿಮಾನ ನನ್ನ ಸಹಿಯದ್ದು. ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಎಂಜಿನ್ನಿನೊಳಗೆ ಹದ್ದಿನ ಗರಿ ಸಿಕ್ಕಿತು, ನನ್ನ ತಪ್ಪೇನೂ ಇಲ್ಲ ಅಂತ ತೀರ್ಮಾನವಾಯಿತು. ಪೈಲಟ್ ಮತ್ತೆ ಹಾರುತ್ತಿದ್ದಾರೆ. ಅವರೇ ಬಂದು ನನಗೆ ಸಮಾಧಾನ ಹೇಳಿದರು. ಆದರೂ ಪೆನ್ನು ಹಿಡಿದರೆ ಆ ಸಹಿಯೇ ಕಣ್ಣಿಗೆ ಬರುತ್ತಿತ್ತು. ನಿಮ್ಮ ಮರುತ್ ಕಾಗದವನ್ನು ಎಷ್ಟು ಸಲ ಓದಿದೆನೋ. ಅದಿಲ್ಲದಿದ್ದರೆ ನಾನು ಕೆಲಸ ಬಿಟ್ಟು ಬರುತ್ತಿದ್ದೆ.

ದೀಪಾವಳಿಗೆ ಎರಡು ದಿನ ಊರಿಗೆ ಬಂದಿದ್ದೆ, ನಿಮಗೆ ಗೊತ್ತು. ಗೋಣಿಬೀಡಿಗೆ ಓಡಿ ಬಂದರೆ ಅಂಗಡಿಗೆ ಬೀಗ. ಕಳಸದಲ್ಲಿ ಯಾರದೋ ಪಂಪ್ ಕೆಟ್ಟಿದೆ, ಹೋಗಿದ್ದಾರೆ ಅಂತ ಅತ್ತೆ ಬೇರೆ ಕಡೆ ನೋಡುತ್ತಾ ಹೇಳಿದರು. ಹಬ್ಬದ ದಿನ ಯಾರು ಮಾವ ಪಂಪ್ ರಿಪೇರಿ ಮಾಡಿಸುತ್ತಾರೆ? ನನ್ನ ಮುಖ ನೋಡಲು ನಿಮಗೆ ಇಷ್ಟವಿರಲಿಲ್ಲ ಅಂತ ಅರ್ಥವಾಯಿತು. ನಿಮ್ಮ ಜಾಗದಲ್ಲಿ ನಾನಿದ್ದರೂ ಅಷ್ಟೇ. ವಿಮಾನ ಕಳೆದುಕೊಂಡವಳು.

ಈಗ ನಾನು ಪುಣೆಯಲ್ಲಿದ್ದೇನೆ. ಮೊದಲ ದಿನ ಶೆಡ್ಡಿನ ಬಾಗಿಲು ಸರಿಸಿದಾಗ ಸುಖೋಯ್ ಎದುರು ನಿಂತಿತ್ತು. ಮಿಗ್ ನೋಡಿದ ಕಣ್ಣಿಗೆ ಇದು ಮನೆಯಷ್ಟು ದೊಡ್ಡದು. ಅದರ ಹೊಟ್ಟೆಯ ಕೆಳಗೆ ನಾನು ತಲೆ ಬಗ್ಗಿಸದೆ ಓಡಾಡುತ್ತೇನೆ. ಒಮ್ಮೆ ಎಣ್ಣೆ ತುಂಬಿದರೆ ಇಲ್ಲಿಂದ ಹಿಮಾಲಯ ಮುಟ್ಟಿ ಬರುತ್ತದೆ. ನಾನು ಬಾಯಿ ತೆರೆದು ನಿಂತದ್ದನ್ನು ನೋಡಿ ಇಲ್ಲಿನ ಹಿರಿಯ ವಾರಂಟ್ ಆಫೀಸರ್, "ಎಲ್ಲರೂ ಮೊದಲ ದಿನ ಹೀಗೇ ನಿಲ್ಲುತ್ತಾರೆ" ಅಂದರು.

ಇನ್ನೊಂದು ಸುದ್ದಿ. ಈ ತಿಂಗಳು ಬೆಂಗಳೂರಿನಲ್ಲಿ ನಮ್ಮದೇ ಹಗುರ ಯುದ್ಧವಿಮಾನ ಮೊದಲ ಸಲ ಹಾರಿತು. ನಿಮ್ಮ ಮರುತ್ ಆದ ಮೇಲೆ ಮತ್ತೊಂದು. ನೀವು ಓದಿರುತ್ತೀರಿ.

ಕೊಟ್ಟ ಮಾತು ಮರೆತಿಲ್ಲ. ನಾನು ಬರೆಯದ ಆ ಹಾಳು ವರ್ಷ ನಿಮ್ಮ ಕಿವಿಯ ಆಯಸ್ಸಿನಿಂದ ಕಳೆದದ್ದು ಅಂತ ನನಗೆ ಗೊತ್ತು. ಇನ್ನೂ ಕೇಳುತ್ತದೆ ಅಂತ ಒಂದು ಸಾಲು ಬರೆಯಿರಿ ಮಾವ.

ಭುವನಾ

ಗೋಣಿಬೀಡು
6 ಫೆಬ್ರವರಿ 2001

ಚಿ. ಭುವನಾಳಿಗೆ,

ನಿನ್ನ ಕಾಗದ ನೋಡಿ ಭಾಗಮ್ಮ ಸಜ್ಜಿಗೆ ಮಾಡಿದಳು. ಇನ್ನೇನು ಹೇಳಲಿ.

ಹುಚ್ಚು ಹುಡುಗಿ. ನಿನ್ನ ಮುಖ ನೋಡಲು ನನಗೆ ಇಷ್ಟ ಇಲ್ಲದಿರುವುದೇ? ಕಳಸದ ಪಂಪ್ ನಿಜವಾಗಿಯೂ ಕೆಟ್ಟಿತ್ತು. ಅವರಿಗೆ ಹಬ್ಬಕ್ಕೆ ನೆಂಟರು ಬಂದಿದ್ದರು, ನೀರಿರಲಿಲ್ಲ. ಅಷ್ಟೇ. ಕಿವಿ ಚೆನ್ನಾಗಿದೆ. ಡಾಕ್ಟರೇ ಆಶ್ಚರ್ಯಪಟ್ಟರು. ಮೊನ್ನೆ ಸಂತೆಯಲ್ಲಿ ಯಾರೋ ನನ್ನನ್ನು ಬೈದದ್ದೂ ಕೇಳಿತು.

ಬೆಂಗಳೂರಿನ ಹೊಸ ವಿಮಾನದ ಚಿತ್ರ ಪೇಪರಿನಿಂದ ಕತ್ತರಿಸಿ ಅಂಗಡಿಯಲ್ಲಿ ಅಂಟಿಸಿದ್ದೇನೆ. ಬಂದವರಿಗೆಲ್ಲ ನನ್ನ ಭಾಷಣ ಕೇಳುವ ಶಿಕ್ಷೆ. ಸುಖೋಯ್ ಬಗ್ಗೆ ಇನ್ನೂ ಬರಿ. ಬೆಂಕಿ ಉಗುಳುವ ನಾಜಲ್ ಬಾಯಿ ಎಷ್ಟು ಅಗಲ, ಬೆಂಕಿ ಯಾವ ಬಣ್ಣ, ಹೊತ್ತುವಾಗ ಒಂದೇ ಸಲ ಹೊತ್ತುತ್ತದೋ, ಎರಡು ಹಂತವೋ. ಎಲ್ಲ ಬರಿ, ನನಗೆ ಬೇಜಾರಿಲ್ಲ. ಆತುರ ಮಾತ್ರ ಮಾಡಬೇಡ. ಕಿವಿ ಎಲ್ಲಿಗೂ ಹೋಗುವುದಿಲ್ಲ.

ಲಿಂಗಪ್ಪ ಮಾವ

ಪುಣೆ
10 ಜನವರಿ 2003

ಪ್ರೀತಿಯ ಮಾವ,

ಇಷ್ಟು ದಿನ ಬರೀ ಬೆಂಕಿಯ ಬಣ್ಣ ಬರೆದು ಬರೆದು ನಿಮ್ಮನ್ನು ಆಟವಾಡಿಸಿದೆ ಅನ್ನಿಸುತ್ತದೆ. ಗಡಿಯಲ್ಲಿ ಸೈನ್ಯ ನಿಂತಿದ್ದ ಆ ವರ್ಷವಂತೂ ರಜೆ ಅನ್ನುವ ಮಾತೇ ಇರಲಿಲ್ಲ. ಈಗ ಕೇಳಿ.

ಹೊಸ ಸುಖೋಯ್ ಬಂದಿದೆ. ನಮಗಾಗಿಯೇ ಬದಲಾಯಿಸಿ ಕಟ್ಟಿದ್ದು. ಮೂಗಿನ ಹಿಂದೆ ಇನ್ನೆರಡು ಸಣ್ಣ ರೆಕ್ಕೆ. ಎಂಜಿನ್ನಿನ ಬಾಯಿಯೇ ತಿರುಗುತ್ತದೆ ಮಾವ, ಪೈಲಟ್ ಬೇಕೆಂದ ಕಡೆ ಬೆಂಕಿಯನ್ನು ತಿರುಗಿಸುತ್ತಾರೆ. ಆಕಾಶದಲ್ಲಿ ನೆಟ್ಟಗೆ ನಿಲ್ಲುತ್ತದೆ, ನಿಂತಲ್ಲೇ ಹಿಂದೆ ಬೀಳುತ್ತದೆ, ಮತ್ತೆ ಸರಿಯಾಗಿ ಹೊರಡುತ್ತದೆ. ಮೊದಲ ಸಲ ನೋಡಿದಾಗ ಕೆಟ್ಟೇಹೋಯಿತು ಅಂತ ನಾನು ಓಡಲು ಶುರುಮಾಡಿದ್ದೆ.

ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಅದು ಬರುತ್ತದೆ. ಕೆಳಗಿನ ತಂಡದಲ್ಲಿ ನಾನಿದ್ದೇನೆ. ಹಾರುವ ಮೊದಲು ಸಹಿ ನನ್ನದು. ಎರಡು ಪಾಸು ಇದರ ಜೊತೆ ಇಟ್ಟಿದ್ದೇನೆ, ನಿಮಗೂ ಅತ್ತೆಗೂ. ನನಗೆ ನಿಮ್ಮ ಹತ್ತಿರ ಬರಲು ಬಿಡುವಿರುವುದಿಲ್ಲ, ಮುಗಿದ ಕೂಡಲೇ ತಂಡ ಹೊರಡಬೇಕು. ಆದರೆ ಎಡಗಡೆಯ ಸಾಲಿನಲ್ಲಿ ಮುಂದೆ ಕೂತರೆ ನಾನು ನಿಮಗೆ ಕಾಣುತ್ತೇನೆ.

ಐದು ವರ್ಷ ತಡವಾಯಿತು. ಬಲಗಿವಿಯನ್ನು ಜೋಪಾನವಾಗಿ ತನ್ನಿ.

ಭುವನಾ

ಪುಣೆ
12 ಫೆಬ್ರವರಿ 2003

ಮಾವ,

ಬಂದಿದ್ದಿರಾ? ಜನಜಂಗುಳಿಯಲ್ಲಿ ಅತ್ತೆಯ ಹಸಿರು ಸೀರೆ ಕಂಡ ಹಾಗಾಯಿತು. ಹೇಗೆ ಕೇಳಿಸಿತು? ಹಂಟರಿನ ಹಾಗೋ, ಮಿಗ್ಗಿನ ಹಾಗೋ? ಬೇಗ ಬರೆಯಿರಿ, ನನಗೆ ಇಲ್ಲಿ ಬೇರೆ ಯೋಚನೆಯೇ ಇಲ್ಲ.

ಭುವನಾ

ಗೋಣಿಬೀಡು
19 ಫೆಬ್ರವರಿ 2003

ನನ್ನ ಭುವನಾಳಿಗೆ,

ಬಂದಿದ್ದೆವು. ಎಡಗಡೆಯ ಸಾಲಿನಲ್ಲೇ ಕೂತಿದ್ದೆವು. ಹಸಿರು ಸೀರೆ ನಿನ್ನ ಅತ್ತೆಯದ್ದೇ.

ನನಗೆ ಕೇಳಲಿಲ್ಲ.

ಕೂತುಕೊಂಡು ಓದು, ಸಿಟ್ಟಾಗಬೇಡ. ನೀನು ಬರೆಯದೇ ಇದ್ದ ಆ ವರ್ಷ ನನ್ನ ಕಿವಿ ತಿಂದಿತು ಅಂತ ತಲೆಗೆ ಹಚ್ಚಿಕೊಂಡಿದ್ದೀಯಲ್ಲ, ಅದನ್ನು ಮೊದಲು ತೆಗೆದುಹಾಕು. ಅದಕ್ಕೂ ಮೊದಲಿನ ಬೇಸಿಗೆಯಲ್ಲೇ ಬಲಗಿವಿ ಕೈಕೊಟ್ಟಿತ್ತು. ನಿನ್ನ ಅಮ್ಮನ ಕಣದಲ್ಲಿ ಕಾಫಿ ಒಣಗಿಯೇ ಇತ್ತು. ತಿಮ್ಮಪ್ಪ ಹೇಳಿದ್ದೇ ಸರಿ. ಹಿಡಿಯೊಳಗೆ ಬೀಜ ಗಲಗಲ ಅನ್ನುತ್ತಿತ್ತು, ಕೇಳದವನು ನಾನು. ಮತ್ತೆ ಮತ್ತೆ ಬಿಸಿಲಿಗೆ ಹಾಕಿಸಿ ಕಲ್ಲು ಮಾಡಿಟ್ಟೆ. ಸಿಪ್ಪೆ ತೆಗೆಯಲು ಕ್ಯೂರಿಂಗಿಗೆ ಹೋದಾಗ ಅರ್ಧ ಬೀಜ ನುಚ್ಚಾಯಿತು, ಅಕ್ಕ ನನ್ನ ಮುಖ ನೋಡಿ ಒಳಗೆ ಹೋದಳು. ಆವತ್ತು ನನಗೆ ಗೊತ್ತಾಯಿತು. ಚೂರುಪಾರು ಉಳಿದದ್ದು ಆ ಯುದ್ಧದ ಮಳೆಗಾಲದಲ್ಲಿ ಹೋಯಿತು. ನೀನು ದೀಪಾವಳಿಗೆ ಬಂದಾಗ ನಾನು ಕಳಸದ ಛತ್ರದಲ್ಲಿ ಸುಮ್ಮನೆ ಕೂತಿದ್ದೆ. ಎದುರು ನಿಂತರೆ ನೀನು ಎರಡು ಮಾತಿನಲ್ಲಿ ಕಂಡುಹಿಡಿಯುತ್ತಿದ್ದೆ. ನಿನಗೆ ಹೇಳಬಾರದು ಅಂತ ಅಕ್ಕನಿಂದಲೂ ಭಾಗಮ್ಮನಿಂದಲೂ ಆಣೆ ಹಾಕಿಸಿಕೊಂಡಿದ್ದೆ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ವಿಮಾನದ ವಿಷಯ ಬರೆಯುವುದನ್ನು ನಿಲ್ಲಿಸುತ್ತಿದ್ದೆ. ಕಿವುಡನನ್ನು ಯಾಕೆ ನೋಯಿಸಲಿ ಅಂತ. ನನಗೆ ಅದು ಬೇಡವಾಗಿತ್ತು. ಮೊನ್ನೆ ಬಸ್ಸು ಹತ್ತುವಾಗಲೂ ಮನಸ್ಸಿನ ಮೂಲೆಯಲ್ಲಿ ಆಸೆ ಇತ್ತು, ಅಷ್ಟು ದೊಡ್ಡ ಸದ್ದಲ್ಲವೇ, ಒಂದು ಎಳೆಯಾದರೂ ಒಳಗೆ ಹೋದೀತು ಅಂತ.

ಈಗ ಅಲ್ಲಿ ಏನಾಯಿತು ಅಂತ ಹೇಳುತ್ತೇನೆ. ಮೊದಲು ನೀನು ಕಂಡೆ. ದೂರದಲ್ಲಿ, ರೆಕ್ಕೆಯ ಕೆಳಗೆ, ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು. ನೀನು ಸುತ್ತ ಒಂದು ಸಲ ನಡೆದು ಮುಟ್ಟಿ ನೋಡಿದೆ, ಬಗ್ಗಿ ನೋಡಿದೆ, ಸಹಿ ಹಾಕಿದೆ, ಹೆಬ್ಬೆರಳು ಎತ್ತಿದೆ. ಮಲ್ಲಂದೂರಿನ ಹುಡುಗಿ ಬೆರಳು ಎತ್ತಿದ ಮೇಲೆಯೇ ಅಷ್ಟು ದೊಡ್ಡ ವಿಮಾನ ಕದಲಿತು. ನಾನು ಅತ್ತುಬಿಟ್ಟೆ ಭುವನಾ. ಪಕ್ಕದವರು ಬಿಸಿಲಿಗೆ ಕಣ್ಣು ನೀರಾಡುತ್ತಿದೆ ಅಂದುಕೊಂಡಿರಬೇಕು.

ಓಡುದಾರಿಯ ತುದಿಯಲ್ಲಿ ಬೆಂಕಿ ಹೊತ್ತಿತು. ನೀನು ಬರೆದ ಹಾಗೇ, ನಡುವೆ ನೀಲಿ, ಅಂಚಿಗೆ ಕಿತ್ತಳೆ. ಸುತ್ತಲಿದ್ದವರೆಲ್ಲ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಭಾಗಮ್ಮ ಹತ್ತಿ ತುರುಕಿಕೊಂಡು ಅದರ ಮೇಲೆ ಸೆರಗು ಒತ್ತಿದಳು. ಅಷ್ಟು ಸಾವಿರ ಜನರಲ್ಲಿ ಕೈ ಮಡಿಲಲ್ಲಿಟ್ಟು ಕೂತವನು ನಾನೊಬ್ಬ. ಏನೂ ಇಲ್ಲ. ನೀರಿನೊಳಗೆ ಕೂತ ಹಾಗೆ. ಎದೆ ಒಡೆದು ಹೋಗುತ್ತದೆ ಅನ್ನಿಸಿತು, ದುಃಖಕ್ಕೆ.

ಆಮೇಲೆ ಕಾಲ ಕೆಳಗಿನ ನೆಲ ಅದುರಿತು. ಅದು ಅಂಗಾಲಿನಿಂದ ಮಂಡಿಗೆ ಹತ್ತಿತು, ಕುರ್ಚಿಯಿಂದ ಬೆನ್ನಿಗೆ ಬಂತು, ಅಂಗಿಯ ಗುಂಡಿಗಳು ಎದೆಗೆ ತಟ್ಟತೊಡಗಿದವು. ಎರಡನೇ ಹಂತದ ಬೆಂಕಿ ಹೊತ್ತಿದ್ದು ನನಗೆ ಪಕ್ಕೆಲುಬಿನಲ್ಲಿ ಗೊತ್ತಾಯಿತು, ಸುಳ್ಳು ಹೇಳುತ್ತಿಲ್ಲ. ಹಂಟರಿನ ಹಾಗೆ ಅಲ್ಲ, ಮಿಗ್ಗಿನ ಹಾಗೂ ಅಲ್ಲ, ಇದಕ್ಕೆ ನನ್ನಲ್ಲಿ ಹೆಸರಿಲ್ಲ. ವಿಮಾನ ಮೇಲೆದ್ದು ಆಕಾಶದಲ್ಲಿ ನೆಟ್ಟಗೆ ನಿಂತಿತು. ಹಸು ಕಿವಿ ತಿರುಗಿಸಿದ ಹಾಗೆ ಎಂಜಿನ್ನಿನ ಬಾಯಿ ಅತ್ತ ಇತ್ತ ತಿರುಗಿದ್ದು ನನ್ನ ಕಣ್ಣಿಗೇ ಕಂಡಿತು. ನಾನು ಕೈ ಮುಗಿದೆ. ಯಾರಿಗೆ ಅಂತ ಕೇಳಬೇಡ, ಕಟ್ಟಿದವರಿಗೋ, ಹಾರಿಸುವವನಿಗೋ, ಸಹಿ ಹಾಕಿದವಳಿಗೋ.

ಕೊನೆಗೆ ಅದು ತುಂಬ ಕೆಳಗೆ, ತುಂಬ ವೇಗವಾಗಿ ನಮ್ಮೆದುರು ಹಾದುಹೋಯಿತು. ಆಗ ಒಂದು ವಿಚಿತ್ರ ನೋಡಿದೆ. ಜನರೆಲ್ಲ ಎಡಕ್ಕೆ ನೋಡುತ್ತಿದ್ದಾರೆ, ಅಲ್ಲಿ ಬರೀ ಆಕಾಶ. ಸದ್ದು ವಿಮಾನಕ್ಕಿಂತ ಹಿಂದೆ ಬಿದ್ದು ಅಲ್ಲಿಂದ ಬರುತ್ತಿದೆ, ಪಾಪ, ಅವರ ಕಿವಿ ಅವರ ಕತ್ತನ್ನು ಅತ್ತ ಎಳೆದಿದೆ. ವಿಮಾನ ಆಗಲೇ ಬಲಕ್ಕೆ ಹೋಗಿಯಾಗಿದೆ. ನನ್ನ ಕತ್ತು ಎಳೆಯುವ ಕಿವಿ ಇಲ್ಲ ನೋಡು. ಅದು ಎಲ್ಲಿತ್ತೋ ನಾನು ಅಲ್ಲೇ ನೋಡುತ್ತಿದ್ದೆ. ಭಾಗಮ್ಮ ನನ್ನ ಗಲ್ಲ ಹಿಡಿದು, ಅಲ್ಲಿ ನೋಡಿ ಅಲ್ಲಿ, ಅಂತ ಎಡಕ್ಕೆ ತಿರುಗಿಸಲು ಬಂದಳು. ನಾನು ಅವಳ ಗಲ್ಲ ಹಿಡಿದು, ವಿಮಾನ ಇದ್ದ ಕಡೆ ತಿರುಗಿಸಿದೆ.

ನಿನ್ನ ಮಾವ,
ಲಿಂಗಪ್ಪ